ಮಾರುವುದಿಲ್ಲ, ಬಾಡಿಗೆಗಿಲ್ಲ, ಕೆಡವುವುದಿಲ್ಲ: ಜಪಾನಿನ ಹುಲ್ಲುಮಾಡಿನ ಊರೊಂದು ಉಳಿದ ಲೆಕ್ಕ

ಬಸ್ಸಿನಿಂದ ಇಳಿದ ಮೊದಲ ಹತ್ತು ನಿಮಿಷ ನನಗೆ ಬೇಸರವೇ ಆಯ್ತು. ಬೆಟ್ಟಗಳ ನಡುವಿನ ಹಳೇ ಹಳ್ಳಿ ನೋಡೋಣ ಅಂತ ತಕಾಯಾಮದಿಂದ ಐವತ್ತು ನಿಮಿಷ ಬಸ್ಸಿನಲ್ಲಿ ಕೂತು, ಹತ್ತು ಕಿಲೋಮೀಟರಿಗೂ ಉದ್ದದ ಸುರಂಗ ದಾಟಿ ಬಂದರೆ, ಎದುರಿಗೆ ಸೆಲ್ಫಿ ಸ್ಟಿಕ್‌ಗಳ ಕಾಡು. ಐಸ್‌ಕ್ರೀಮ್ ಅಂಗಡಿ, ಕೀಚೈನ್ ಅಂಗಡಿ, ಬಾವುಟ ಹಿಡಿದ ಗೈಡುಗಳು. ಇದು ಊರಾ, ಸಿನಿಮಾ ಸೆಟ್ಟಾ ಅನ್ನಿಸಿಬಿಟ್ಟಿತು.

ಆಮೇಲೆ ಒಂದು ಮನೆಯ ಹಿಂಬದಿಗೆ ಹೋದೆ. ಅಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ವಯಸ್ಸಾದ ಹೆಂಗಸೊಬ್ಬರು ಮೂಲಂಗಿ ಕೀಳುತ್ತಿದ್ದರು. ನೂರಾರು ಜನ ಫೋಟೋ ತೆಗೆಯುತ್ತಿದ್ದ ಆ ಮನೆ ಅವರಿಗೆ ಬರೀ ಮನೆ. ಮೂಲೆಯಲ್ಲಿ 'ಇಲ್ಲಿ ಜನ ವಾಸಿಸುತ್ತಿದ್ದಾರೆ, ಒಳಗೆ ಬರಬೇಡಿ' ಎಂಬ ಪುಟ್ಟ ಬೋರ್ಡು.

ಆ ಬೋರ್ಡೇ ಈ ಲೇಖನದ ವಿಷಯ. ಹುಲ್ಲುಮಾಡಿನ ಮನೆಗಳನ್ನು ಉಳಿಸಿಕೊಂಡ ದೇಶಗಳು ಬೇಕಾದಷ್ಟಿವೆ. ಮನೆಯ ಜೊತೆಗೆ ಅದರೊಳಗಿನ ಜನರನ್ನೂ ಉಳಿಸಿಕೊಂಡ ಊರುಗಳು ಕಡಿಮೆ. ಇವರು ಅದನ್ನು ಮಾಡಿದ್ದು ಹೇಗೆ? 'ಜಪಾನೀಯರಿಗೆ ಸಂಪ್ರದಾಯ ಅಂದ್ರೆ ಪ್ರಾಣ' ಅಂತ ಹೇಳಿ ಮುಗಿಸುವುದು ಸುಲಭ. ಅಲ್ಲಿ ಎರಡು ದಿನ ಉಳಿದ ಮೇಲೆ ನನಗೆ ಕಂಡದ್ದು ಬೇರೆ: ಇದು ಪ್ರೀತಿಗಿಂತ ಹೆಚ್ಚಾಗಿ ಲೆಕ್ಕಾಚಾರ, ಒಪ್ಪಂದ ಮತ್ತು ಸರ್ಕಾರದ ದುಡ್ಡಿನ ಕತೆ.

ಮೊದಲು ಊರಿನ ಪರಿಚಯ

ಊರಿನ ಹೆಸರು ಒಗಿಮಾಚಿ. ಜಪಾನಿನ ಗಿಫು ಪ್ರಾಂತ್ಯದ ಶಿರಾಕಾವಾ ಗ್ರಾಮಕ್ಕೆ ಸೇರಿದ್ದು. ಈ ಸೀಮೆಯನ್ನು ಶಿರಾಕಾವಾ-ಗೊ ಅಂತಾರೆ. ಪಕ್ಕದ ತೊಯಾಮಾ ಪ್ರಾಂತ್ಯದ ಗೊಕಾಯಾಮಾ ಸೀಮೆಯಲ್ಲಿ ಐನೊಕುರಾ, ಸುಗನುಮಾ ಎಂಬ ಇನ್ನೆರಡು ಚಿಕ್ಕ ಊರುಗಳಿವೆ. ಈ ಮೂರನ್ನೂ ಸೇರಿಸಿ 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಇಲ್ಲಿನ ಮನೆಗಳಿಗೆ 'ಗಾಶ್ಶೋ ಜುಕುರಿ' ಎಂದು ಹೆಸರು. ಗಾಶ್ಶೋ ಅಂದರೆ ಕೈಮುಗಿಯುವುದು. ಎರಡು ಅಂಗೈ ಜೋಡಿಸಿದ ಹಾಗೆ ಮಾಡು ನಿಂತಿರುತ್ತೆ, ಸುಮಾರು 60 ಡಿಗ್ರಿ ಕಡಿದು. ಚಳಿಗಾಲದಲ್ಲಿ ಇಲ್ಲಿ ಆಳೆತ್ತರಕ್ಕೂ ಮೀರಿ ಹಿಮ ಬೀಳುತ್ತೆ. ಇಳಿಜಾರು ಕಡಿಮೆಯಿದ್ದರೆ ಆ ಭಾರಕ್ಕೆ ಮನೆಯೇ ಕೂತುಹೋಗುತ್ತೆ. ಊರಿನ ಮೇಲಿನ ಗುಡ್ಡದಿಂದ ನೋಡಿದರೆ ಇನ್ನೊಂದು ವಿಷಯ ಕಾಣುತ್ತೆ: ಹೆಚ್ಚುಕಡಿಮೆ ಎಲ್ಲ ಮನೆಗಳೂ ಒಂದೇ ದಿಕ್ಕಿಗೆ ನಿಂತಿವೆ. ಮಾಡಿನ ಒಂದು ಮೈ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಎರಡಕ್ಕೂ ಬಿಸಿಲು ಸಮನಾಗಿ ಬಿದ್ದು ಹುಲ್ಲು ಸಮನಾಗಿ ಒಣಗಲಿ ಅಂತ. ಕಣಿವೆಯುದ್ದಕ್ಕೂ ಬೀಸುವ ಗಾಳಿಗೆ ಮನೆಯ ಕಿರಿದಾದ ಮೈ ಎದುರಾಗಲಿ ಅಂತ ಕೂಡ.

ಮೊಳೆಯಿಲ್ಲದ ಮಾಡು

ನಾನು ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಬಂದವನು. ಆದರೂ ವಾಡಾ ಮನೆಯ ಅಟ್ಟದ ಮೇಲೆ ನಿಂತಾಗ ಹಳೇ ಸ್ಟ್ರಕ್ಚರ್ಸ್ ಕ್ಲಾಸು ನೆನಪಾಯ್ತು. ವಾಡಾ ಮನೆತನದವರು ಹಿಂದೆ ಊರಿನ ಮುಖಂಡರು. ಈಗಲೂ ಆ ಮನೆಯಲ್ಲೇ ಇದ್ದಾರೆ. ಒಂದು ಭಾಗವನ್ನು ಟಿಕೆಟ್ ಇಟ್ಟು ತೋರಿಸುತ್ತಾರೆ.

ಮಾಡು ಹೊತ್ತ ದಪ್ಪ ಮರಗಳ ಬುಡವನ್ನು ಪೆನ್ಸಿಲ್ ಹಾಗೆ ಚೂಪು ಮಾಡಿದ್ದಾರೆ. ಆ ಚೂಪನ್ನು ಅಡ್ಡತೊಲೆಯ ತುದಿಯಲ್ಲಿ ಕೊರೆದ ಕುಳಿಯೊಳಗೆ ಸುಮ್ಮನೆ ನಿಲ್ಲಿಸಿದ್ದಾರೆ. ಬಿಗಿಯಾಗಿ ಜಡಿದಿಲ್ಲ. ನಾವು ಕ್ಲಾಸಿನಲ್ಲಿ 'ಪಿನ್ ಜಾಯಿಂಟ್' ಅಂತ ಬರೆಯುತ್ತಿದ್ದೆವಲ್ಲ, ಅದೇ. ಜೋರು ಗಾಳಿ ಬಂದರೆ, ಭೂಮಿ ನಡುಗಿದರೆ ಮಾಡು ಸ್ವಲ್ಪ ಅಲುಗಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಮಾಡಿನಲ್ಲಿ ಮೊಳೆಗಳಿಲ್ಲ. ಹುಲ್ಲಿನ ಹಗ್ಗ, ಮತ್ತೆ 'ನೆಸೊ' ಎಂದು ಕರೆಯುವ ಎಳೆಯ ಮರದ ಕೊಂಬೆ. ಹಸಿಯಿದ್ದಾಗ ತಿರುಚಿ ಕಟ್ಟಿದರೆ ಅದು ಒಣಗುತ್ತಾ ತಾನೇ ಬಿಗಿಯಾಗುತ್ತೆ.

ಮನೆಗೆ ಚಿಮಣಿ ಇಲ್ಲ. ನೆಲದ ಮಧ್ಯೆ 'ಇರೋರಿ' ಎಂಬ ಒಲೆಗುಂಡಿ. ಅದರ ಹೊಗೆ ಅಟ್ಟಗಳನ್ನು ದಾಟಿ ಹುಲ್ಲಿನ ಮೂಲಕವೇ ಹೊರಗೆ ಹೋಗುತ್ತೆ. ಹೋಗುವಾಗ ಹುಳು ಬಾರದಂತೆ ಹಗ್ಗ, ಮರ, ಹುಲ್ಲು ಎಲ್ಲವನ್ನೂ ಕಾಯುತ್ತೆ. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಬಿದಿರು ನೂರು ವರ್ಷ ಬಾಳುತ್ತೆ ಅಂತ ನಮ್ಮಜ್ಜ ಹೇಳುತ್ತಿದ್ದದ್ದು ಇದನ್ನೇ. ಅಂದರೆ ಈ ಮಾಡು ಬದುಕಬೇಕಾದರೆ ಕೆಳಗೆ ಯಾರಾದರೂ ಒಲೆ ಉರಿಸುತ್ತಲೇ ಇರಬೇಕು. ಜನ ಬಿಟ್ಟುಹೋದ ಮನೆ ಬೇಗ ಸಾಯುತ್ತೆ.

1935ರಲ್ಲಿ ಜರ್ಮನ್ ವಾಸ್ತುಶಿಲ್ಪಿ ಬ್ರೂನೋ ಟೌಟ್ ಇಲ್ಲಿಗೆ ಬಂದು, ಈ ಮನೆಗಳ ಕಟ್ಟೋಣ ಎಷ್ಟು ತರ್ಕಬದ್ಧವಾಗಿದೆ ಅಂತ ಮೆಚ್ಚಿ ಬರೆದ. ಹೊರಗಿನವರು ಹೊಗಳಿದ ಮೇಲೆ ನಮ್ಮದನ್ನು ನಾವು ತಿರುಗಿ ನೋಡುವುದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆ ಅಲ್ಲ ನೋಡಿ.

ಕೆಳಗೆ ಮದ್ದು, ಮೇಲೆ ರೇಷ್ಮೆ

ಇಷ್ಟು ಎತ್ತರದ ಮಾಡು ಯಾಕೆ? ಹಿಮಕ್ಕೆ ಅಂತಷ್ಟೇ ಹೇಳಿದರೆ ಅರ್ಧ ಉತ್ತರ. ಗದ್ದೆಗೆ ಜಾಗವಿಲ್ಲದ ಕಣಿವೆ ಇದು. ಅಕ್ಕಿ ಬೆಳೆದು ಬದುಕುವುದು ಕಷ್ಟ. ಹಾಗಾಗಿ ಮನೆಯೇ ಕಾರ್ಖಾನೆ ಆಯ್ತು. ಅಟ್ಟದ ಮೇಲೆ ಅಟ್ಟ ಹಾಕಿ ರೇಷ್ಮೆಹುಳು ಸಾಕಿದರು. ಎರಡೂ ತುದಿಯ ಗೋಡೆಗಳಲ್ಲಿ ಕಿಟಕಿ ಇಟ್ಟಿದ್ದು ಹುಳುಗಳಿಗೆ ಗಾಳಿ ಬೆಳಕು ಸಿಗಲಿ ಅಂತ. ಕೆಳಗಿನ ಒಲೆಯ ಬಿಸಿಯೂ ಅವುಗಳಿಗೇ. ಚನ್ನಪಟ್ಟಣ, ರಾಮನಗರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಲೆಯ ಪಕ್ಕ, ನೆಲದ ಹಲಗೆಯಡಿಯಲ್ಲಿ ಇನ್ನೊಂದು ಕಸುಬು ನಡೆಯುತ್ತಿತ್ತು. ಗುಂಡಿ ತೋಡಿ, ಮಣ್ಣು, ಸೊಪ್ಪು, ರೇಷ್ಮೆಹುಳದ ಹಿಕ್ಕೆ, ಮೂತ್ರ ಎಲ್ಲ ಪದರ ಪದರವಾಗಿ ತುಂಬಿ ವರ್ಷಗಟ್ಟಲೆ ಕೊಳೆಸುತ್ತಿದ್ದರು. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ತೊಳೆದು, ಕುದಿಸಿ ತೆಗೆದರೆ ಪೆಟ್ಲುಪ್ಪು. ಕೋವಿಮದ್ದಿನ ಮುಖ್ಯ ಸಾಮಾನು. ಗೊಕಾಯಾಮಾದ ಪೆಟ್ಲುಪ್ಪು ಕಾಗಾ ಸಂಸ್ಥಾನದ ಒಡೆಯರಿಗೆ ಹೋಗುತ್ತಿತ್ತು. ಹೊರಗಿನವರ ಕಣ್ಣಿಗೆ ಬೀಳದ ಬೆಟ್ಟದ ಮೂಲೆ, ಆಯುಧದ ಗುಟ್ಟು ಕಾಯಲು ಹೇಳಿ ಮಾಡಿಸಿದ ಜಾಗ.

ಇವತ್ತು ಇನ್‌ಸ್ಟಾಗ್ರಾಮಿನಲ್ಲಿ 'ಕಾಲ್ಪನಿಕ ಕತೆಯ ಹಳ್ಳಿ' ಅಂತ ಓಡಾಡುವ ಫೋಟೋದ ಮನೆ, ತನ್ನ ಕಾಲದಲ್ಲಿ ರೇಷ್ಮೆ ಮತ್ತು ಮದ್ದಿನ ಕಾರ್ಖಾನೆ. ಅದರಲ್ಲಿ ದುಡಿಯಲು ಕೈಗಳು ಬೇಕಿತ್ತು. ಶಿರಾಕಾವಾದ ಕೆಲವು ಊರುಗಳಲ್ಲಿ ಒಂದೇ ಸೂರಿನಡಿ ಇಪ್ಪತ್ತು ಮೂವತ್ತು ಜನ ಇರುತ್ತಿದ್ದರು. ಅಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಗಿ ಸಂಸಾರ ಹೂಡುವ ಹಕ್ಕು ಹಿರಿಮಗನಿಗೆ ಮಾತ್ರ. ಉಳಿದ ಗಂಡುಮಕ್ಕಳು ತಮ್ಮ ಸಂಗಾತಿಯ ಮನೆಗೆ ರಾತ್ರಿ ಹೋಗಿ ಬರಬೇಕು. ಮಕ್ಕಳು ತಾಯಿಯ ತವರಿನಲ್ಲೇ ಬೆಳೆದು, ಆ ಮನೆಗೇ ದುಡಿಯಬೇಕು. ಭೂಮಿ ಒಡೆಯಬಾರದು, ದುಡಿಯುವ ಕೈ ಮನೆ ಬಿಡಬಾರದು ಎಂಬ ಲೆಕ್ಕ. 'ಹಿಂದೆ ಎಲ್ಲರೂ ಎಷ್ಟು ಚೆನ್ನಾಗಿ ಕೂಡಿ ಬಾಳುತ್ತಿದ್ದರು' ಅಂತ ಹೇಳುವ ಮೊದಲು ಆ ಕಿರಿಮಗನನ್ನು, ಆ ತಾಯಿಯನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಮುಯ್ಯಾಳಿನ ಪುಸ್ತಕ

ಈಗ ಅಸಲು ವಿಷಯ. ಈ ಮನೆಯ ಕೆಳಭಾಗದ ಕಂಬ, ತೊಲೆ ಎಲ್ಲ ವೃತ್ತಿಪರ ಬಡಗಿಗಳ ಕೆಲಸ. ಮೇಲಿನ ಮಾಡು ಮಾತ್ರ ಊರವರದ್ದು. ಹುಲ್ಲಿನ ಹೊದಿಕೆ ಮೂವತ್ತು ನಲವತ್ತು ವರ್ಷ ಬಾಳುತ್ತಿತ್ತು. ಆಮೇಲೆ ಬದಲಿಸಬೇಕು. ಅದಕ್ಕೆ ನೂರು, ಇನ್ನೂರು ಜನ ಬೇಕು. ಮಳೆ ಬಂದರೆ ಮನೆಯೊಳಗೆ ನೀರು, ಹಾಗಾಗಿ ಬೇಗ ಮುಗಿಯಲೇಬೇಕು. ಯಾವ ಕುಟುಂಬವೂ ಒಂಟಿಯಾಗಿ ಮಾಡಲಾಗದ ಕೆಲಸ.

ಇದಕ್ಕೆ ಅವರು ಮಾಡಿಕೊಂಡ ವ್ಯವಸ್ಥೆಯ ಹೆಸರು 'ಯುಯಿ'. ಮಲೆನಾಡಿನವರಿಗೆ ಒಂದೇ ಪದದಲ್ಲಿ ಅರ್ಥ ಹೇಳಿಬಿಡಬಹುದು: ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಊಟ ಉಂಟು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಯುಯಿಯ ಪುಸ್ತಕ. ಯಾರ ಮನೆಯಿಂದ ಎಷ್ಟು ಜನ ಎಷ್ಟು ದಿನ ಬಂದರು, ಎಷ್ಟು ಹೊರೆ ಹುಲ್ಲು ತಂದರು, ಎಷ್ಟು ಹಗ್ಗ ತಂದರು, ಎಲ್ಲವನ್ನೂ ಬರೆದಿಡುತ್ತಿದ್ದರು. ಮೂವತ್ತು ವರ್ಷದ ನಂತರ ಆ ಮನೆಯ ಸರದಿ ಬಂದಾಗ ಪುಸ್ತಕ ತೆರೆದು ಅಷ್ಟನ್ನೇ ತೀರಿಸಬೇಕು. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆಸಿಕೊಳ್ಳಲು ಒಬ್ಬರು ಪುಸ್ತಕ, ಪೆನ್ನು ಹಿಡಿದು ಕೂತಿರುತ್ತಾರಲ್ಲ, ಹಾಗೆ. ಸಾಲ ಕೊಟ್ಟವನು ಸತ್ತಿರಬಹುದು, ಮಗ ತೀರಿಸುತ್ತಾನೆ.

ನೆರೆಹೊರೆಯ ಸಹಾಯ ಅಂದರೆ ಬರೀ ಒಳ್ಳೆಯ ಮನಸ್ಸು ಅಂತ ನಾವು ಅಂದುಕೊಳ್ತೀವಿ. ಒಳ್ಳೆಯ ಮನಸ್ಸು ಮೂವತ್ತು ವರ್ಷ ನೆನಪಿಟ್ಟುಕೊಳ್ಳುವುದಿಲ್ಲ. ಪುಸ್ತಕ ನೆನಪಿಟ್ಟುಕೊಳ್ಳುತ್ತೆ.

ಈ ಲೆಕ್ಕದಿಂದ ಹೊರಗೆ ಬೀಳುವ ಭಯವೂ ಊರನ್ನು ಕಟ್ಟಿಹಾಕಿತ್ತು. ಜಪಾನಿನ ಹಳ್ಳಿಗಳಲ್ಲಿ 'ಮುರಾ ಹಾಚಿಬು' ಎಂಬ ಬಹಿಷ್ಕಾರ ಇತ್ತು. ಬೆಂಕಿ ಬಿದ್ದಾಗ, ಸಾವಾದಾಗ ಬಿಟ್ಟು ಉಳಿದ ಯಾವುದಕ್ಕೂ ಆ ಮನೆಗೆ ಊರು ಸೇರುವುದಿಲ್ಲ ಎಂಬುದು ಅದರ ಅರ್ಥ ಅಂತ ಹೇಳುವುದು ವಾಡಿಕೆ. ಬಹಿಷ್ಕಾರ ಅಂದರೆ ಏನು ಅಂತ ನಮ್ಮ ಹಳ್ಳಿಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಗ್ಗಟ್ಟು ಮತ್ತು ಹಿಡಿತ ಒಂದೇ ಹಗ್ಗದ ಎರಡು ಎಳೆಗಳು.

ಅಣೆಕಟ್ಟು ಬಂತು, ಜನ ಹೋದರು

ಯುದ್ಧದ ನಂತರ ಎಲ್ಲವೂ ಸಡಿಲವಾಯ್ತು. ಪೆಟ್ಲುಪ್ಪಿನ ಕಸುಬು ವಿದೇಶದ ಅಗ್ಗದ ಮಾಲು ಬಂದಾಗಲೇ ಮುಗಿದಿತ್ತು. ರೇಷ್ಮೆಯೂ ಕುಸಿಯಿತು. ಹುಡುಗರು ಪಟ್ಟಣಕ್ಕೆ ಹೋದರು. ಮೇಲಿನಿಂದ ಇನ್ನೊಂದು ಏಟು: ಶೋ ನದಿಗೆ ಅಣೆಕಟ್ಟು. 131 ಮೀಟರ್ ಎತ್ತರದ ಮಿಬೊರೊ ಅಣೆಕಟ್ಟು 1961ರಲ್ಲಿ ಮುಗಿದಾಗ ಮೇಲ್ಭಾಗದ ಕಣಿವೆಯ ಊರುಗಳು ನೀರಿನಡಿಗೆ ಹೋದವು. ಮುಳುಗುವ ಊರಿನ ಎರಡು ಹಳೇ ಚೆರ್ರಿ ಮರಗಳನ್ನು ಬೇರು ಸಮೇತ ಎತ್ತಿ ದಡದಲ್ಲಿ ನೆಟ್ಟರು. ಅವು ಈಗಲೂ ಹೂ ಬಿಡುತ್ತವೆ, ನೋಡಲು ಜನ ಬರುತ್ತಾರೆ. ಊರವರು ಚದುರಿಹೋದರು. ಲಿಂಗನಮಕ್ಕಿಯ ಹಿನ್ನೀರಿನ ಪಕ್ಕದ ಸೀಮೆಯಲ್ಲಿ ಬೆಳೆದ ನನಗೆ ಆ ಮರಗಳ ಕತೆ ಕೇಳಿ ಖುಷಿಯಾಗಲಿಲ್ಲ. ಅನಿಮೆ ನೋಡುವವರಿಗೆ 'ಹಿಗುರಾಶಿ' ಗೊತ್ತಿರುತ್ತೆ. ಅಣೆಕಟ್ಟಿನ ವಿರುದ್ಧ ನಿಂತ ಆ ಕತೆಯ ಹಳ್ಳಿಗೆ ಮಾದರಿ ಇದೇ ಊರು.

ಮುಳುಗದ ಊರುಗಳೂ ಖಾಲಿಯಾದವು. ಕಾಜುರಾ ಎಂಬ ಹಳ್ಳಿಯವರು 1967ರಲ್ಲಿ ಒಟ್ಟಿಗೇ ಊರು ಬಿಟ್ಟರು. ಅಂಥ ಮನೆಗಳನ್ನು ತಂದು ಒಗಿಮಾಚಿಯ ಎದುರು ದಂಡೆಯಲ್ಲಿ ಬಯಲು ಮ್ಯೂಸಿಯಂ ಮಾಡಿದ್ದಾರೆ. ತೂಗುಸೇತುವೆ ದಾಟಿ ಹೋಗಿ ನೋಡಿದೆ. ಅಚ್ಚುಕಟ್ಟಾಗಿದೆ, ಚಂದ ಇದೆ, ಮೌನವಾಗಿದೆ. ಬಟ್ಟೆ ಒಣಹಾಕಿದ ಹಗ್ಗ ಮಾತ್ರ ಎಲ್ಲೂ ಇಲ್ಲ.

ಒಗಿಮಾಚಿಯವರು ಈ ಎರಡೂ ದಾರಿ ಕಣ್ಣೆದುರು ನೋಡಿದ್ದರು: ಮುಳುಗುವುದು ಅಥವಾ ಮ್ಯೂಸಿಯಂ ಆಗುವುದು. 1971ರಲ್ಲಿ ಊರಿನವರೇ ಸೇರಿ ಒಂದು ರಕ್ಷಣಾ ಸಂಘ ಕಟ್ಟಿದರು. ಮೂರು ನಿಯಮ ಬರೆದರು. ಮಾರುವುದಿಲ್ಲ. ಬಾಡಿಗೆಗೆ ಕೊಡುವುದಿಲ್ಲ. ಕೆಡವುವುದಿಲ್ಲ.

ಗಮನಿಸಿ, ಯುನೆಸ್ಕೊ ಬರುವುದಕ್ಕೆ 24 ವರ್ಷ ಮೊದಲು. ಜಪಾನ್ ಸರ್ಕಾರ ಈ ಊರನ್ನು ಸಂರಕ್ಷಿತ ವಲಯ ಅಂತ ಗುರುತಿಸಿದ್ದು 1976ರಲ್ಲಿ, ಅಂದರೆ ಇದಾದ ಐದು ವರ್ಷಕ್ಕೆ. ಮೊದಲು ಊರು ತೀರ್ಮಾನಿಸಿತು, ಆಮೇಲೆ ಸರ್ಕಾರ ಬಂತು, ಕೊನೆಗೆ ಜಗತ್ತು ಬಂತು. ಈ ಕ್ರಮ ತಿರುಗುಮುರುಗಾದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಹಂಪಿ 1986ರಲ್ಲಿ ಅದೇ ಪಟ್ಟಿಗೆ ಸೇರಿತು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳಿಗೆ ಜೆಸಿಬಿ ನುಗ್ಗಿತು. ಎರಡೂ ಒಂದೇ ಥರದ ಪ್ರಕರಣ ಅಂತ ನಾನು ಹೇಳ್ತಿಲ್ಲ. ಅಲ್ಲಿನದು ಖಾಸಗಿ ಮನೆಗಳು, ಇಲ್ಲಿನದು ಸಂರಕ್ಷಿತ ಸ್ಮಾರಕ. ಆದರೆ ಪರಂಪರೆ ಅಂದಾಗ ಅದರಲ್ಲಿ ಇವತ್ತು ಬದುಕಿರುವವರು ಸೇರುತ್ತಾರಾ, ಇಲ್ವಾ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಒಗಿಮಾಚಿ ಅದಕ್ಕೆ ಒಂದು ಉತ್ತರ ಕೊಟ್ಟಿತು, ಹಂಪಿಯಲ್ಲಿ ಆಡಳಿತ ಇನ್ನೊಂದು ಉತ್ತರ ಕೊಟ್ಟಿತು.

ಬಿಲ್ಲು ಯಾರ ಹೆಸರಿಗೆ?

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ್ಯದ ಕತೆ. ಆದರೆ ಲೆಕ್ಕ ಇನ್ನೂ ಇದೆ.

ದೊಡ್ಡ ಮನೆಯೊಂದರ ಮಾಡು ಪೂರ್ತಿ ಹೊದಿಸಲು ಇವತ್ತು ಒಂದು ಕೋಟಿ ಯೆನ್ನಿಗೂ ಮೀರಿ ಖರ್ಚಾಗುತ್ತೆ. ಬಹುಪಾಲು ಸರ್ಕಾರದ ಸಬ್ಸಿಡಿ. ಹೆಚ್ಚಿನ ಕೆಲಸ ಈಗ ಹುಲ್ಲು ಹೊದಿಸುವ ವೃತ್ತಿಪರರದ್ದು. ಹುಲ್ಲಿನ ಎಷ್ಟೋ ಭಾಗ ಹೊರಗಿನಿಂದ ಬರುತ್ತೆ. ಯುಯಿ ಸತ್ತಿಲ್ಲ. 2001ರಲ್ಲಿ ನಾಗಾಸೆ ಎಂಬ ದೊಡ್ಡ ಮನೆಗೆ ಸುಮಾರು 500 ಜನ ಸೇರಿ ಹಳೇ ಪದ್ಧತಿಯಲ್ಲೇ ಹುಲ್ಲು ಹೊದಿಸಿದರು. ಆದರೆ ದಿನನಿತ್ಯದ ಆಧಾರ ಅದಲ್ಲ, ತೆರಿಗೆದಾರರ ದುಡ್ಡು ಮತ್ತು ಪ್ರವಾಸೋದ್ಯಮ.

ಇಡೀ ಶಿರಾಕಾವಾ ಗ್ರಾಮದ ಜನಸಂಖ್ಯೆ ಸುಮಾರು 1,500. 2019ರಲ್ಲಿ ಬಂದ ಪ್ರವಾಸಿಗರು 17 ಲಕ್ಷಕ್ಕೂ ಹೆಚ್ಚು. ಒಬ್ಬ ನಿವಾಸಿಗೆ ಸಾವಿರಕ್ಕೂ ಮಿಕ್ಕಿ ಅತಿಥಿಗಳು. 2008ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ಬಹುತೇಕರು ಬೆಳಗ್ಗೆ ಬಂದು ಸಂಜೆ ಹೋಗುವವರು. ಕಸ, ಟ್ರಾಫಿಕ್ಕು ಊರಿಗೆ ಬಿಟ್ಟು, ಫೋಟೋ ತಗೊಂಡು ಹೋಗ್ತಾರೆ. ನಾನೂ ಅವರಲ್ಲೊಬ್ಬ. ಚಳಿಗಾಲದ ದೀಪಾಲಂಕಾರದ ಸಂಜೆಗಳಿಗೆ ನೂಕುನುಗ್ಗಲು ತಡೆಯಲಾಗದೆ 2019ರಿಂದ ಮುಂಗಡ ಬುಕಿಂಗ್ ಕಡ್ಡಾಯ ಮಾಡಿದರು.

ಇನ್ನು ಬೆಂಕಿ. ಒಂದು ಕಿಡಿ ಸಾಕು, ಊರೇ ಹೋಗುತ್ತೆ. ಊರಿನ ತುಂಬ 59 ನೀರಿನ ಫಿರಂಗಿಗಳಿವೆ. ಬೆಟ್ಟದ ಮೇಲಿನ ತೊಟ್ಟಿಯಿಂದ ಇಳಿಯುವ ನೀರಿನ ಒತ್ತಡದಲ್ಲೇ ಅವು ಚಿಮ್ಮುತ್ತವೆ. ಪ್ರತಿ ಶರತ್ಕಾಲ ಎಲ್ಲವನ್ನೂ ಒಟ್ಟಿಗೆ ಹಾರಿಸಿ ಪರೀಕ್ಷೆ ಮಾಡುತ್ತಾರೆ. 2019ರ ನವೆಂಬರ್‌ನಲ್ಲಿ ಪಾರ್ಕಿಂಗ್ ಹತ್ತಿರದ ಎರಡು ಕೊಟ್ಟಿಗೆಗಳಿಗೆ ಬೆಂಕಿ ಬಿದ್ದಾಗ ಈ ವ್ಯವಸ್ಥೆ ಕೆಲಸಕ್ಕೆ ಬಂತು, ವಾಸದ ಮನೆಗಳಿಗೆ ಹರಡಲಿಲ್ಲ. ಮರದ ತುಂಡುಗಳನ್ನು ತಟ್ಟುತ್ತಾ 'ಬೆಂಕಿ ಜೋಪಾನ' ಅಂತ ಕೂಗುತ್ತಾ ಊರು ಸುತ್ತುವ ಸರದಿ ಪಾಳಿ ಈಗಲೂ ಇದೆ. ಕೊನೆ ಬಸ್ಸು ಹೋದ ಮೇಲೆ, ಕತ್ತಲಲ್ಲಿ ನಾನು ಆ ಸದ್ದು ಕೇಳಿದೆ. ಹಗಲಿಡೀ ಸೆಟ್ಟಿನಂತೆ ಕಂಡದ್ದು ಆ ಗಳಿಗೆಯಲ್ಲಿ ಊರಾಯ್ತು.

ಈ ಸ್ವಾತಂತ್ರ್ಯನಷ್ಟವನ್ನು ಚಿಕ್ಕದು ಅನ್ನಬೇಡಿ. ಹೊರಗೆ ಏನು ಬದಲಿಸಬೇಕಾದರೂ ಅನುಮತಿ ಬೇಕು. ಒಳ್ಳೆಯ ಬೆಲೆ ಬಂದರೂ ಮಾರುವಂತಿಲ್ಲ. ನನ್ನ ಆಸ್ತಿ ನನ್ನಿಷ್ಟ ಎನ್ನುವ ಕಾಲದಲ್ಲಿ ಇದು ಭಾರಿ ಮಾತು. ಆದರೆ ಒಬ್ಬ ಮಾರಿದರೆ ಪಕ್ಕದವನ ಮಾಡಿಗೆ ಏರುವ ಕೈಗಳಲ್ಲಿ ಒಂದು ಜೊತೆ ಕಡಿಮೆ. ಹಾಗಾಗಿ ಅಲ್ಲಿ ಮನೆ ಒಬ್ಬರದು, ಮಾಡು ಎಲ್ಲರದು.

ಮಾಡು ಏರುವವರು

ನಾನು ಉಳಿದಿದ್ದು ಅಂಥದ್ದೇ ಒಂದು ಮನೆಯಲ್ಲಿ. ರಾತ್ರಿ ಊಟ ಮುಗಿದ ಮೇಲೆ ಮನೆಯೊಡತಿ ಒಲೆಗುಂಡಿಯ ಪಕ್ಕ ಕೂತರು. ನಮ್ಮಿಬ್ಬರ ನಡುವೆ ಫೋನಿನ ಅನುವಾದದ ಆ್ಯಪ್. ನಿಮ್ಮೂರಲ್ಲಿ ಮನೆ ಹೇಗಿರುತ್ತೆ ಅಂತ ಕೇಳಿದರು. ನನ್ನ ಹತ್ತಿರ ಅಜ್ಜನ ಮನೆಯ ಹಳೇ ಫೋಟೋ ಇತ್ತು. ಮನೆಗೆ ಹೆಂಚು, ಪಕ್ಕದ ಕೊಟ್ಟಿಗೆಗೆ ಅಡಿಕೆ ಸೋಗೆ. ಅವರು ಮನೆಯನ್ನು ನೋಡಲೇ ಇಲ್ಲ. ಬೆರಳಲ್ಲಿ ಹಿಗ್ಗಿಸಿ ಸೋಗೆ ನೋಡಿದರು. ಎಷ್ಟು ವರ್ಷ ಬರುತ್ತೆ? ಪ್ರತಿ ವರ್ಷ ಮಳೆಗೆ ಮುಂಚೆ ಹೊದಿಸಬೇಕು ಅಂದೆ. ಅವರಿಗೆ ನಗು ಬಂತು, ಪ್ರತಿ ವರ್ಷವಾ! ಯಾರು ಹತ್ತುತ್ತಿದ್ದರು? ಅಕ್ಕಪಕ್ಕದ ಮನೆಯವರು, ಮುಯ್ಯಾಳು. ಆ ಪದವನ್ನು ಆ್ಯಪ್ ಅನುವಾದಿಸಲಿಲ್ಲ. 'ಯುಯಿ' ಅಂದೆ. ಹೌದಾ, ನಿಮ್ಮಲ್ಲೂ ಇದೆಯಾ ಅಂತ ಮುಖ ಅರಳಿತು.

'ಈಗ ಯಾರು ಹತ್ತುತ್ತಾರೆ?' ಅಂತ ಕೇಳಿದರು.

ಎರಡು ವರ್ಷದ ಹಿಂದೆ ಆ ಮನೆಯ ಕ್ರಯಪತ್ರಕ್ಕೆ ಎಲ್ಲರ ಜೊತೆ ನಾನೂ ಸಹಿ ಹಾಕಿದ್ದೆ. ಬೆಂಗಳೂರಿನಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್ಸು. ಆವತ್ತು ನನಗೇನೂ ಅನ್ನಿಸಿರಲಿಲ್ಲ. ಯಾರೂ ಇಲ್ಲದ ಮನೆ, ಇಟ್ಟುಕೊಂಡು ಏನು ಮಾಡೋದು ಅಂತ ನಾನೇ ದೊಡ್ಡಪ್ಪನಿಗೆ ಹೇಳಿದ್ದೆ. ಇವತ್ತು ಕೇಳಿದರೂ ಬಹುಶಃ ಅದನ್ನೇ ಹೇಳ್ತೀನಿ. ಒಬ್ಬನೇ ಹಿಡಿದಿಟ್ಟುಕೊಂಡು ಉಳಿಸಬಹುದಾದ ವಸ್ತು ಅದಾಗಿರಲಿಲ್ಲ. ಊರಿನ ಪುಸ್ತಕದಲ್ಲಿ ನಮ್ಮ ಲೆಕ್ಕ ಯಾವತ್ತೋ ನಿಂತುಹೋಗಿತ್ತು. ನಾವು ಯಾರ ಮಾಡಿಗೂ ಏರಿರಲಿಲ್ಲ, ನಮ್ಮ ಮಾಡಿಗೆ ಯಾರು ಬರ್ತಾರೆ?

'ಮಾರಿದೆವು' ಅಂತ ಟೈಪ್ ಮಾಡಿದೆ. ಅವರು ಓದಿ, ತಲೆಯಾಡಿಸಿ, ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದರು.